ಹೆಗಲ ಮೇಲೆ ಬಂದ ಮನೆ

ಬತಾಂಗಾಸ್ ಸೀಮೆ, ಕಾವಲುಗೆರೆಯ ಒಳಗಿನಿಂದ
1902 ಜನವರಿ, ಮೂರು ಅರಸರ ಹಬ್ಬದ ಮರುದಿನ

ಮಗಳು ರುಫೀನಾಗೆ, ಅಪ್ಪನ ಅಕ್ಕರೆಯ ಆಶೀರ್ವಾದ.

ಇಲ್ಲ, ಮನೆಯನ್ನು ಬಿಚ್ಚಿ ಸಾಗಿಸಲಿಲ್ಲ, ಇಡಿಯಾಗಿಯೇ ಹೊತ್ತು ತಂದೆವು. ನೆನ್ನೆ ಕಾಗದ ಬರೆಯಲು ಕೂತು ಆ ಮಾತಿಗೆ ಬರುವಷ್ಟರಲ್ಲಿ ಬೆಳಕು ಹೋಗಿಬಿಟ್ಟಿತು. ಅಮೆರಿಕದವರು ನಮ್ಮನ್ನು ಕೂಡಿಹಾಕಿದ ಈ ಗೆರೆಯೊಳಗೆ ಕತ್ತಲಾದ ಮೇಲೆ ದೀಪ ಹಚ್ಚುವಂತಿಲ್ಲ. ಹಚ್ಚಿದರೆ ಕಾವಲಿನ ಸಿಪಾಯಿ ಬಂದು ಬಂದೂಕಿನ ಹಿಡಿಯಿಂದ ಮನೆ ಹತ್ತುವ ಏಣಿಗೆ ಬಡಿಯುತ್ತಾನೆ. ಇವತ್ತು ಮುಗಿಸಲೇಬೇಕು. ನಿನ್ನ ಚಿಕ್ಕಮ್ಮ ತೊಮಾಸಾಗೆ ನೀನಿರುವ ಮನಿಲಾಗೆ ಹೋಗಿ ಜ್ವರದ ಔಷಧಿ ತರಲು ಗೆರೆ ದಾಟುವ ಚೀಟಿ ಸಿಕ್ಕಿದೆ, ಬೆಳಗಾದರೆ ಹೊರಡುತ್ತಾಳೆ. ಕಾಗದವನ್ನು ತುರುಬಿನೊಳಗೆ ಇಟ್ಟುಕೊಳ್ಳುತ್ತಾಳಂತೆ. ದಾರಿಯಲ್ಲಿ ಸಿಕ್ಕಿಬಿದ್ದರೆ ಎಂದು ನೀನು ಹೆದರಬೇಡ. ಸಿಕ್ಕಿದರೂ ಇದನ್ನು ಓದಿ ಹೇಳಲು ಅವರು ನನ್ನನ್ನೇ ಕರೆಸಬೇಕು. ಈ ಊರಲ್ಲಿ ನಮ್ಮ ಭಾಷೆ, ಅವರ ಇಂಗ್ಲಿಷು ಎರಡೂ ಬಲ್ಲವನು ನಾನೊಬ್ಬನೇ.

ಬಲ್ಲವನು ಎಂದದ್ದು ದೊಡ್ಡ ಮಾತಾಯಿತು. ಕಾಫಿಗೆ ಬೆಲೆಯಿದ್ದ ಕಾಲದಲ್ಲಿ ನಿನ್ನ ತಾತ ನನ್ನನ್ನು ಹಾಂಗ್‌ಕಾಂಗಿನ ಕಾಲೇಜಿಗೆ ಕಳಿಸಿದ್ದು, ಅವರು ತೀರಿಕೊಂಡರೆಂದು ನಾನು ಅರ್ಧಕ್ಕೇ ಬಿಟ್ಟು ಬಂದದ್ದು ನಿನಗೆ ಗೊತ್ತೇ ಇದೆ. ಅಲ್ಲಿ ಕಲಿಸಿದ್ದು ವ್ಯಾಪಾರದ ಕಾಗದ ಬರೆಯುವ ಇಂಗ್ಲಿಷು. ಅದರಲ್ಲೂ ಅರ್ಧ ಮರೆತುಹೋಗಿದೆ. ಹಾಗಾಗಿ ಇಲ್ಲಿನ ಲೆಫ್ಟಿನೆಂಟ್ ಮಳೆ ಬರುತ್ತದೆಯೇ ಎಂದು ಕೇಳಿದರೆ ನಾನು, ತಮ್ಮ ಕೃಪೆಯ ವಿಚಾರಣೆ ಕೈಸೇರಿತು, ಸರಕು ನೆನೆಯುವ ಸಂಭವವಿದೆ ಎಂಬರ್ಥದ್ದೇನೋ ಹೇಳುತ್ತೇನೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಗಲಿ, ನಗುವ ಹೊತ್ತಿನಲ್ಲಿ ಬಂದೂಕಿನ ಮೇಲೆ ಕೈ ಇರುವುದಿಲ್ಲ. ಹುಡುಗ ಕೆಟ್ಟವನೆಂದು ಹೇಳಲಾರೆ. ತನ್ನ ದೇಶ ನಮ್ಮನ್ನು ಸ್ಪೇನಿನವರಿಂದ ಕೊಂಡುಕೊಂಡಿದೆ, ಇನ್ನು ನಮಗೆಲ್ಲ ಒಳ್ಳೆಯದಾಗುತ್ತದೆ ಎಂದು ನಿಜವಾಗಿಯೂ ನಂಬಿದ್ದಾನೆ. ನಾನು ಕಾಫಿ ಮಾರಿದವನು. ಚೀಲ ಬಿಚ್ಚಿಸಿ, ಕಾಳು ಮೂಸಿ ನೋಡದೆ ಯಾವನೂ ನನ್ನಿಂದ ಕೊಂಡದ್ದಿಲ್ಲ. ಇವರು ನಮ್ಮನ್ನು ಮೂಸದೆಯೇ ಕೊಂಡರು. ಈಗ ವಾಸನೆ ಸರಿಯಿಲ್ಲವೆಂದು ಸುಡುತ್ತಿದ್ದಾರೆ.

ನಿನ್ನ ಪ್ರಶ್ನೆ ಮರೆತಿಲ್ಲ ಮಗಳೇ, ಅದಕ್ಕೇ ಬರುತ್ತಿದ್ದೇನೆ. ನಿನ್ನ ಅಮ್ಮ ಸತ್ತ ಒಂಬತ್ತು ದಿನದ ಪ್ರಾರ್ಥನೆಗೆಂದು ನೀನು ನಮ್ಮಲ್ಲಿಗೆ ಬಂದಿದ್ದೆ. ನಿನ್ನ ಮನೆಯಲ್ಲಿ ನಿನ್ನ ಗಂಡ ಲಿಯಾಂದ್ರೊ ಒಬ್ಬನೇ ಇದ್ದ. ಅಮೆರಿಕದವರಿಗೆ ದಾರಿ ತೋರಿಸಿದ ಎಂದು ಅವರ ವಿರುದ್ಧ ಹೋರಾಡುವ ಗುಡ್ಡದವರು ಬಂದು ಅವನನ್ನು ಕರೆದೊಯ್ದು ಕೊಂದರು. ತೋರಿಸಿದ್ದನೋ ಇಲ್ಲವೋ, ಅದು ದೇವರಿಗೇ ಗೊತ್ತು. ನೀನು ಕೇಳಿದ್ದು ಇಷ್ಟೇ: ಬಾಗಿಲು ಮುರಿದಿರಲಿಲ್ಲ, ಅಗುಳಿಯನ್ನು ಒಳಗಿನಿಂದ ಅವನೇ ತೆಗೆದಿದ್ದ, ಹಾಗಾದರೆ ಯಾರ ದನಿ ಕೇಳಿ ತೆಗೆದ? ಗುಡ್ಡ ಸೇರಿದ್ದ ನಿನ್ನ ತಮ್ಮ ಗೆರ್ವಾಸಿಯೊ ಅವರ ಜೊತೆ ಇದ್ದನೇ?

ಹೇಳುತ್ತೇನೆ. ಮೊದಲು ಮನೆಯದು ಹೇಳಿಬಿಡುತ್ತೇನೆ. ಅದಿಲ್ಲದೆ ಇದನ್ನು ಹೇಳಲು ಬರುವುದಿಲ್ಲ.

ಕ್ರಿಸ್‌ಮಸ್ಸಿನೊಳಗೆ ಜನ, ಅಕ್ಕಿ, ಕೋಳಿ, ಹಂದಿ ಎಲ್ಲ ಗೆರೆಯೊಳಗೆ ಬರಬೇಕು, ಹೊರಗೆ ಉಳಿದದ್ದನ್ನೆಲ್ಲ ಸುಡುತ್ತೇವೆ ಎಂದು ಅಪ್ಪಣೆಯಾಯಿತು. ಅದನ್ನು ಊರಿಗೆ ಓದಿ ಹೇಳಿದವನೂ ನಾನೇ. ಓದಿ ಮನೆಗೆ ಬಂದರೆ ಅಡಿಗೆಯ ಮೂಲೆಯಲ್ಲಿ ಗೆರ್ವಾಸಿಯೊ ಮಲಗಿದ್ದ. ಮೊದಲು ನಾನು ಗುರುತು ಹಿಡಿಯಲಿಲ್ಲ. ಚಳಿಜ್ವರ ಅವನನ್ನು ಹಿಂಡಿ, ಕಣ್ಣು ಮತ್ತು ಮೂಳೆ ಮಾತ್ರ ಬಿಟ್ಟಿತ್ತು. ಜೊತೆಗಾರರು ಹೊತ್ತು ತಂದು ಅಲ್ಲಿ ಬಿಟ್ಟುಹೋಗಿದ್ದರು. ನಡೆಯಲಾರ. ಹೊರಗೆ ಬಿಟ್ಟರೆ ಮನೆಯ ಜೊತೆ ಬೂದಿಯಾಗುತ್ತಾನೆ. ಶರಣಾಗಿಸಿದರೆ, ಗುಡ್ಡದಲ್ಲಿ ಉಳಿದವರು ಎಲ್ಲಿದ್ದಾರೆಂದು ಹೇಳುವವರೆಗೂ ಬಾಯಿಗೆ ನೀರು ಸುರಿದು ಹೊಟ್ಟೆಯ ಮೇಲೆ ನಿಲ್ಲುತ್ತಾರೆ. ಅದು ಈ ಜೀವ ತಡೆಯುವ ಕೆಲಸವಲ್ಲ.

ಅದಕ್ಕೇ ನಾನು ಮನೆಯನ್ನೇ ಹೊರಿಸುವುದೆಂದು ತೀರ್ಮಾನ ಮಾಡಿದೆ. ಎಷ್ಟೋ ಜನ ಹಾಗೆಯೇ ಮಾಡುತ್ತಿದ್ದರು, ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅಡಿಗೆಯ ಮೂಲೆಯ ಸೂರಿನ ಕೆಳಗೆ, ಗರಿಗೂ ತೊಲೆಗೂ ನಡುವೆ, ಬಿದಿರ ತಟ್ಟಿ ಕಟ್ಟಿ, ಚಾಪೆಯಲ್ಲಿ ಸುತ್ತಿ ಅವನನ್ನು ಮಲಗಿಸಿದೆ. ಅವನ ಚಳಿ ದಿನ ಬಿಟ್ಟು ದಿನ ಬರುತ್ತಿತ್ತು. ಬಾರದ ದಿನವನ್ನೇ ನೋಡಿ ಆರಿಸಿದ್ದೆ.

ಆದರೆ ಹೆಗಲು ಕೊಡಲು ಜನ ಬಂದಾಗ ಮುಂದೆ ನಿಂತಿದ್ದವನು ಹಿಲಾರಿಯೊ. ನಿನ್ನ ಮೈದುನ. ಅವನಿಗೆ ನಾನು ಹೇಳಿ ಕಳಿಸಿರಲಿಲ್ಲ. ಅಣ್ಣ ಸತ್ತ ಮೇಲೆ ಅವನು ನಮ್ಮ ಏಣಿ ತುಳಿದದ್ದೇ ಇಲ್ಲ. ಆದರೆ ಮನೆ ಎತ್ತುವಾಗ ಹೆಗಲು ಹೆಗಲು ಕೂಡುವ ಹಾಗೆ ಕೂಗು ಹಾಕಲು ಅವನಷ್ಟು ತಿಳಿದವನು ಯಾರಿದ್ದಾರೆ? ಜನವೇ ಕರೆತಂದಿತ್ತು. ನಾನು ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದರು.

ಹೊರಲು ಮನೆಯಡಿ ಬಿದಿರ ಗಳ ಕಟ್ಟಿದರು. ಕಂಬಗಳನ್ನು ಮಣ್ಣಿನಿಂದ ಬಿಡಿಸಿದರು. ಹಿಲಾರಿಯೊ ಕೂಗಿದ, ಮನೆ ನೆಲ ಬಿಟ್ಟಿತು. ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ, ಅವನು ಇಳಿಸಿ ಎಂದ. ಇಳಿಸಿದರು. ಅವನು ಮನೆಯನ್ನು ಒಂದು ಸುತ್ತು ಬಂದು, ಅಡಿಗೆಯ ಮೂಲೆಯ ಗಳದ ಮೇಲೆ ಕೈಯಿಟ್ಟು ನಿಂತ.

"ಮಾವ, ಮನೆ ಪೂರ್ತಿ ಖಾಲಿ ಮಾಡಿದೀರಾ?"

ಮಾಡಿದ್ದೇನೆ, ಒರಳನ್ನೂ ಈಚೆಗೆ ತಂದಿದ್ದೇನೆ ನೋಡು ಎಂದೆ. ನನ್ನ ದನಿ ನನಗೇ ಬೇರೆಯವರದ್ದರ ಹಾಗೆ ಕೇಳಿಸಿತು.

"ಹಂಗಾದ್ರೆ ಅತ್ತೆಮ್ಮ ಇನ್ನೂ ಮನೆ ಬಿಟ್ಟಿಲ್ಲ ಅಂತ ಕಾಣುತ್ತೆ. ಬದುಕಿದ್ದಾಗ ಇಷ್ಟು ಭಾರ ಇರ್ಲಿಲ್ಲವಲ್ಲ."

ಎಲ್ಲರೂ ನಕ್ಕರು. ಗಂಡ ಅಡಿಗೆ ಮಾಡಿದ ಮೇಲೆ ದೆವ್ವಕ್ಕೂ ಮೈ ಬಂದಿದೆ ಎಂದು ಹಿಂದಿನಿಂದ ಯಾರೋ ಸೇರಿಸಿದರು. ಹಿಲಾರಿಯೊ ನಗಲಿಲ್ಲ. ಮನೆ ಹೊತ್ತವನಿಗೆ ಯಾವ ಮೂಲೆಯಲ್ಲಿ ಎಷ್ಟು ತೂಕ ಇರಬೇಕೆಂದು ಹೆಗಲೇ ಹೇಳುತ್ತದೆ. ಅದು ಒಬ್ಬ ಮನುಷ್ಯನ ತೂಕವೆಂದೂ, ಆ ಮನುಷ್ಯ ಯಾರೆಂದೂ ಅವನಿಗೆ ಆಗಲೇ ತಿಳಿದಿತ್ತು. ಒಂದು ಮಾತು ಕೂಗಿದ್ದರೆ ಸಾಕಿತ್ತು, ಸಿಪಾಯಿಗಳು ದಾರಿಯ ತಿರುವಿನಲ್ಲೇ ಇದ್ದರು. ಅವನು ಮುಂದಿನ ಜಾಗ ಬಿಟ್ಟು, ಅಡಿಗೆಯ ಮೂಲೆಯಲ್ಲಿದ್ದವನನ್ನು ಆಚೆಗೆ ತಳ್ಳಿ, ಆ ಗಳಕ್ಕೆ ತಾನೇ ಹೆಗಲು ಕೊಟ್ಟು ಮತ್ತೆ ಕೂಗು ಹಾಕಿದ.

ಗೆರೆಯ ಹತ್ತಿರ ಲೆಫ್ಟಿನೆಂಟ್ ಇದ್ದ. ಅವನ ದೇಶದಲ್ಲೂ ಮನೆ ಸಾಗಿಸುತ್ತಾರಂತೆ, ದುಂಡು ಮರಗಳ ಮೇಲಿಟ್ಟು ಕುದುರೆ ಕಟ್ಟಿ ಎಳೆಸಿ. ಹೆಗಲ ಮೇಲೆ ನಡೆದು ಬರುವ ಮನೆಯನ್ನು ಅವನು ಕಂಡಿರಲಿಲ್ಲ. ಮಗುವಿನ ಹಾಗೆ ಕೈ ತಟ್ಟಿದ. ಒಳಗೇನಿದೆ ಎಂದು ನನ್ನನ್ನು ಕೇಳಿದ. ಹಳೆಯ ಬಿದಿರು, ಮಾರಾಟಕ್ಕೆ ಯೋಗ್ಯವಲ್ಲದ್ದು, ತಮ್ಮ ವಿಧೇಯ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಕ್ಕು, ಹಾಗೆಯೇ ನಿಲ್ಲಿ, ಇಳಿಸಬೇಡಿ ಎಂದು ಸನ್ನೆ ಮಾಡಿ, ಮೂರು ಕಾಲಿನ ಕ್ಯಾಮರಾ ತರಿಸಿದ. ತನ್ನ ತಾಯಿಗೆ ಪಟ ಕಳಿಸಬೇಕಂತೆ.

ಆ ಹೊತ್ತನ್ನು ಹೇಗೆ ಬರೆಯಲಿ. ಅವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸುತ್ತಾನೆ, ಈಚೆಗೆ ತೆಗೆಯುತ್ತಾನೆ, ಕ್ಯಾಮರಾವನ್ನು ಅತ್ತ ಸರಿಸುತ್ತಾನೆ, ಇತ್ತ ಸರಿಸುತ್ತಾನೆ. ಬಿಸಿಲು. ಹೊತ್ತವರ ಬೆನ್ನ ಮೇಲೆ ಬೆವರು ಇಳಿಯುತ್ತಿದೆ. ಯಾರೂ ಅಲುಗಾಡಬಾರದೆಂದು ಅವನ ಪರವಾಗಿ ನಾನೇ ಕೂಗಿ ಹೇಳಿದೆ. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಸೂರಿನ ಗರಿ ಪಟಪಟ ಎಂದಿತು. ಗಾಳಿ ಇರಲಿಲ್ಲ. ಬಾರದ ದಿನವೆಂದು ನಂಬಿದ್ದ ಚಳಿ ಬಂದುಬಿಟ್ಟಿತ್ತು. ಮೇಲೆ ಅವನು ನಡುಗುತ್ತಿದ್ದ, ಅವನ ಜೊತೆ ಮಾಡು ನಡುಗುತ್ತಿತ್ತು.

ಲೆಫ್ಟಿನೆಂಟ್ ಬಟ್ಟೆಯಿಂದ ತಲೆ ಈಚೆಗೆ ತೆಗೆದು ಮಾಡಿನತ್ತ ನೋಡಿದ. ಅಷ್ಟರಲ್ಲಿ ಹಿಲಾರಿಯೊನ ಮೊಣಕಾಲು ನಡುಗತೊಡಗಿತು. ಕಾಲು, ಸೊಂಟ, ಹೆಗಲು, ಆ ಮೂಲೆಯೆಲ್ಲ ಗಡಗಡ. ಗೂಳಿಯ ಕೊಂಬು ಹಿಡಿದು ನಿಲ್ಲಿಸಿದವನು ಮಗಳೇ, ಅವನು. ಒಬ್ಬನೇ ಕೆಸರಿನಿಂದ ಗಾಡಿ ಎತ್ತಿದವನು. ಪಕ್ಕದವರು ಬಾಯಿ ಬಿಟ್ಟು ನೋಡಿದರು. ಏನಯ್ಯಾ, ಬಿಳಿಯನ ಪೆಟ್ಟಿಗೆ ನೋಡಿ ಉಚ್ಚೆ ಬಂತಾ ಎಂದು ಒಬ್ಬ ಕೇಳಿದ. ಹಿಲಾರಿಯೊ, ಹೌದಪ್ಪ ಬಂತು ಎಂದ. ಲೆಫ್ಟಿನೆಂಟ್ ಅವನನ್ನು ತೋರಿಸಿ ಸಿಪಾಯಿಗಳಿಗೆ ಏನೋ ಹೇಳಿ ನಕ್ಕ, ಎಲ್ಲರೂ ನಕ್ಕರು. ಕೈ ಬೀಸಿ ಒಳಗೆ ಬಿಟ್ಟರು. ಈಗಲೂ ಸಿಪಾಯಿಗಳು ಅವನನ್ನು ಕಂಡರೆ ಮೊಣಕಾಲು ಬಡಿದು ತೋರಿಸುತ್ತಾರೆ. ಅವನು ತಲೆ ತಗ್ಗಿಸಿಕೊಂಡು ಹೋಗುತ್ತಾನೆ.

ಮನೆ ಇಳಿಸಿದ ಮೇಲೆ ಹೊತ್ತವರಿಗೆ ಉಣ್ಣಲು ಇಡಬೇಕಲ್ಲ. ಉಳಿದಿದ್ದ ಒಂದೇ ಕೋಳಿಯನ್ನು ಶುಂಠಿ, ಹಸಿ ಪರಂಗಿ ಹಾಕಿ ಬೇಯಿಸಿದೆ, ನಿನ್ನ ಅಮ್ಮ ಮಾಡುತ್ತಿದ್ದ ಹಾಗೆ ಆಗಲಿಲ್ಲ. ಎಲ್ಲರೂ ಉಂಡರು. ಹಿಲಾರಿಯೊ ತನ್ನ ಬಟ್ಟಲನ್ನು ಪಾತ್ರೆಗೆ ವಾಪಸು ಸುರಿದ. ಉಳಿದವರು ಹೋಗುವವರೆಗೂ ಏಣಿಯ ಬುಡದಲ್ಲಿ ಕೂತಿದ್ದ. ನಾನು ಹತ್ತಿರ ಹೋಗಿ, ನಿನ್ನ ಋಣ ಹೇಗೆ ತೀರಿಸಲಿ ಎಂದು ಶುರು ಮಾಡಿದೆ. ಅವನು ಮಧ್ಯದಲ್ಲೇ ತಡೆದ.

"ಋಣದ ಮಾತು ಎತ್ತಬೇಡಿ ಮಾವ. ಹೆಗಲ ಮೇಲಿದ್ದದ್ದನ್ನ ಬೀಳಿಸಬಾರದು, ಅದಕ್ಕೆ ಬೀಳಿಸ್ಲಿಲ್ಲ. ಕೆಳಗಿಟ್ಟ ಮೇಲೆ ಅದು ಬೇರೆ ಮಾತು. ನಿಮ್ಮನೆ ಅನ್ನ ಉಂಡ್ರೆ ನಾಳೆ ನಾನು ಬಾಯಿ ಬಿಡಕ್ಕಾಗಲ್ಲ. ಅದಕ್ಕೇ ಉಣ್ಣಲ್ಲ."

ಎದ್ದು ನಿಂತು ಹೇಳಿದ: "ಅಣ್ಣ ಯಾರ ದನಿಗೆ ಬಾಗಿಲು ತೆಗೆದ, ನಂಗೆ ಗೊತ್ತಾಗಬೇಕು. ನೀವು ನಂಗೆ ಹೇಳಿದ್ರೆ ನಾನು ನಂಬಲ್ಲ. ಅತ್ತಿಗೆಗೆ ಬರೀರಿ. ಅವರಿಗೆ ನೀವು ಸುಳ್ಳು ಹೇಳಲ್ಲ. ಗಂಡನ್ನ ಕಳಕೊಂಡೋರು ಅವರು. ಅವರು ಉಣ್ಣು ಅಂದ್ರೆ ಉಣ್ತೀನಿ. ಬೇಡ ಅಂದ್ರೆ ನೆಟ್ಟಗೆ ಬಿಳಿಯರ ಡೇರೆಗೆ ಹೋಗ್ತೀನಿ."

ಅಂದಿನಿಂದ ದಿನಾ ಸಂಜೆ ಬರುತ್ತಾನೆ. ಮನೆಯ ಅಡಿಯಲ್ಲಿ, ಕಂಬಗಳ ನಡುವೆ ಕೂತು ಬಿದಿರು ಸೀಳುತ್ತಾನೆ. ಕಾಯುತ್ತಿದ್ದಾನೋ, ಕಾವಲಿದ್ದಾನೋ ತಿಳಿಯುವುದಿಲ್ಲ. ಮೇಲೆ ನಿನ್ನ ತಮ್ಮ ಮಲಗಿದ್ದಾನೆ, ಕೆಳಗೆ ನಿನ್ನ ಮೈದುನ ಕೂತಿದ್ದಾನೆ, ನಡುವಿನ ಬಿದಿರ ನೆಲದ ಮೇಲೆ ನಾನು ಅತ್ತಿತ್ತ ತಿರುಗುತ್ತಿರುತ್ತೇನೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ನೆಲ ಕಿರ್ರೆಂದು ನನ್ನ ಚಡಪಡಿಕೆಯನ್ನು ಕೆಳಗೆ ಸಾರುತ್ತದೆ. ನಿನ್ನ ಅಮ್ಮ ಇದ್ದಿದ್ದರೆ, ಒಂದು ಕಡೆ ಕೂರಬಾರದೇ, ಕೋಳಿ ಮೊಟ್ಟೆಯಿಡಲು ಜಾಗ ಹುಡುಕಿದ ಹಾಗೆ ತಿರುಗುತ್ತೀರಲ್ಲ ಎನ್ನುತ್ತಿದ್ದಳು. ದಿನಕ್ಕೊಂದು ತಟ್ಟೆ ಅನ್ನವನ್ನು ಕೆಳಗೆ ಒಯ್ದು ಇಡುತ್ತೇನೆ. ಅವನು ಅದನ್ನು ಮುಟ್ಟದೆ, ಇರುವೆ ಬರದ ಹಾಗೆ ಮುಚ್ಚಿಟ್ಟು ಹೋಗುತ್ತಾನೆ.

ಈಗ ನಿನ್ನ ಪ್ರಶ್ನೆ. ಗೆರ್ವಾಸಿಯೊನನ್ನು ಕೇಳಿದೆ. ಲಿಯಾಂದ್ರೊನನ್ನು ಕರೆದೊಯ್ದಾಗ ಅವನು ಅಲ್ಲಿರಲಿಲ್ಲವಂತೆ. ಮೇಲಿನ ಗುಡ್ಡದಲ್ಲಿ ಇದೇ ಜ್ವರ ಹಿಡಿದು ಮಲಗಿದ್ದನಂತೆ. ಯಾರು ಕರೆದರೋ, ಯಾರ ದನಿಗೆ ನಿನ್ನ ಗಂಡ ಅಗುಳಿ ತೆಗೆದನೋ ಅವನಿಗೂ ಗೊತ್ತಿಲ್ಲ. ನಂಬು ಮಗಳೇ. ನೀನು ಎತ್ತಿ ಆಡಿಸಿದ ಹುಡುಗ ಅವನು. ಹಿಲಾರಿಯೊಗೆ ಒಂದು ಒಳ್ಳೆಯ ಮಾತು ಹೇಳಿ ಕಳಿಸು, ಎಲ್ಲರ ಜೀವವೂ

ಅಕ್ಷರ ಮಸುಕಾಗುತ್ತಿದೆ. ಆಗಲೇ ಬೆಳಕು ಹೋಗುತ್ತಿರುವುದು ಈಗ ಗಮನಕ್ಕೆ ಬಂತು. ನಿಲ್ಲಿಸುತ್ತೇನೆ.

ಇಂತಿ, ನಿನ್ನ ದಾರಿ ನೋಡುವ ಅಪ್ಪ,
ತೆಲೆಸ್ಫೊರೊ

ಮರೆತದ್ದು: ಕಿಟಕಿಯ ಹತ್ತಿರ ಇನ್ನೂ ನಾಲ್ಕು ಸಾಲಿನಷ್ಟು ಬೆಳಕಿದೆ. ಗೆರ್ವಾಸಿಯೊ ಏನು ಬರೆದೆ ಓದು ಎಂದ. ಕೊನೆಯದನ್ನು ಓದಿದೆ. ತಟ್ಟಿಯ ಮೇಲೆ ಆಚೆ ತಿರುಗಿಕೊಂಡ. ಆಮೇಲೆ, "ಅಪ್ಪ, ಭಾವ ನನ್ನ ದನಿ ಕೇಳಿ ಬಾಗಿಲು ತೆಗೆದ. ನಗ್ತಾ ತೆಗೆದ. ಅದನ್ನ ಬರಿ" ಎಂದ. ಇದು ನನಗೆ ಮೊದಲೇ ಗೊತ್ತಿತ್ತು ಮಗಳೇ, ಆದರೂ ಮೇಲಿನದನ್ನು ಬರೆದೆ. ಅದು ಸುಳ್ಳು, ಇದು ನಿಜ. ನಿನ್ನ ಮಾತನ್ನು ಬರೆದು ಕಳಿಸಬೇಡ, ಓದಿ ಹೇಳುವವನು ಮತ್ತೆ ನಾನೇ; ತೊಮಾಸಾಳ ಬಾಯಲ್ಲಿ ಹೇಳಿ ಕಳಿಸು. ಹಿಲಾರಿಯೊಗೆ ಉಣ್ಣು ಎನ್ನು, ಇಲ್ಲ ಉಣ್ಣಬೇಡ ಎನ್ನು. ಯಾವುದು ಹೇಳಿದರೂ ನೀನು ನನ್ನ ಮಗಳೇ.