ಕಪ್ಪು ಬಟ್ಟೆ

ಹಂಪಾಪುರ,
೧೪-೩-೧೯೭೮

ನೇತ್ರ ಶಿಬಿರದ ಕಾರ್ಯದರ್ಶಿ ಶ್ರೀ ಶಿವನಂಜಪ್ಪನವರಿಗೆ ವಂದನೆಗಳು.

ಶಿಬಿರದಲ್ಲಿ ಶಸ್ತ್ರಚಿಕಿತ್ಸೆಯಾದ ಚಿಕ್ಕಮಾದಿ ಕಣ್ಣಿನ ಪಟ್ಟಿ ಬಿಚ್ಚಿ ಸೂರ್ಯನನ್ನು ನೋಡಿ ದೃಷ್ಟಿ ಕೆಡಿಸಿಕೊಂಡಳೆಂದು ತಾವು ವರದಿಯಲ್ಲಿ ಬರೆದಿರುವುದು ಸರಿಯಲ್ಲ. ಐದು ದಿನವೂ ಆ ಪಟ್ಟಿಯನ್ನು ನಾನೇ ನೋಡಿಕೊಂಡಿದ್ದೇನೆ.

ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರು ಕೈ ನಿಲ್ಲಿಸಿದಾಗಲೆಲ್ಲ, ತೀಕ್ಷ್ಣ ದೀಪದ ಬೆಳಕು ಬಿದ್ದು ದೃಷ್ಟಿ ಕೆಡದಂತೆ ರೋಗಿಯ ಕಣ್ಣಿಗೆ ಕಪ್ಪು ಬಟ್ಟೆ ಅಡ್ಡ ಹಿಡಿಯುವುದು ನನ್ನ ಕೆಲಸವಾಗಿತ್ತು. ಚಿಕ್ಕಮಾದಿ ಮೇಜಿನ ಮೇಲಿದ್ದಾಗ ಪಕ್ಕದ ಕೊಠಡಿಯಲ್ಲೊಬ್ಬರು ಮೂರ್ಛೆ ಹೋದುದರಿಂದ ವೈದ್ಯರು ಅತ್ತ ಓಡಿದರು. ಶಿಬಿರ ನಡೆದ ಶಾಲೆಯ ಜಗಲಿಯಲ್ಲಿ ಗದ್ದಲವೆದ್ದಿತು. ಮೂವತ್ತೊಂದು ವರ್ಷಗಳ ಅಭ್ಯಾಸದಂತೆ ನಾನು ಬಾಗಿಲಿಗೆ ಹೋಗಿ ಜನರನ್ನು ಗದರಿಸುತ್ತ ನಿಂತೆ.

“ಟೀಚ್ರವ್ವಾ, ಬೆಳ್ಕು ಚುಚ್ತದೆ ಕಣವ್ವಾ,” ಎಂದಳು ಚಿಕ್ಕಮಾದಿ.

“ಮಾತನಾಡಕೂಡದು,” ಎಂದೆ. ವೈದ್ಯರು ಮರಳುವವರೆಗೂ ಆಕೆ ಮಾತನಾಡಲಿಲ್ಲ.

ಆ ಕಣ್ಣಿಗೆ ಈಗ ನನ್ನ ಸೀರೆಯ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ.

ತಪ್ಪು ಆಕೆಯದೆಂದು ಮರುಪರೀಕ್ಷೆ ನಿರಾಕರಿಸಿದ್ದೀರಿ. ದಯವಿಟ್ಟು ಆ ವಾಕ್ಯವನ್ನು ಹೊಡೆದುಹಾಕಿ, ಗುರುವಾರ ಆಕೆಯನ್ನು ಮೈಸೂರಿನ ವೈದ್ಯರಲ್ಲಿಗೆ ಕಳುಹಿಸಿರಿ. ಜೊತೆಗೆ ನಾನು ಹೋಗುತ್ತೇನೆ.

ವೈದ್ಯರು ಹೊರಹೋದಾಗ ಕೊಠಡಿಯಲ್ಲಿದ್ದವರ ಹೆಸರುಗಳನ್ನೂ ವರದಿಗೆ ಸೇರಿಸಿರಿ. ಮೇಜಿನ ಮೇಲೆ, ಚಿಕ್ಕಮಾದಿ. ಬಾಗಿಲಲ್ಲಿ, ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು,

ಬಿ. ಇಂದಿರಮ್ಮ,
ನಿವೃತ್ತ ಮುಖ್ಯೋಪಾಧ್ಯಾಯಿನಿ