ಸಮುದ್ರ ಯಾವ ಬಣ್ಣ

ಅಪ್ಪಾ,

ನೀನು ಹೋಗಿ ಆರು ವರ್ಷವಾಯಿತು. ಈ ಕಾಗದ ಹಾಕಲು ವಿಳಾಸವಿಲ್ಲ, ಆದರೂ ಬರೆಯುತ್ತಿದ್ದೇನೆ.

ಪ್ರವಾಸದ ಹಡಗಿನಲ್ಲಿ ಇದು ನನ್ನ ನಾಲ್ಕನೆಯ ದಿನ. ಡೆಕ್ಕಿನ ಮೇಲೆ ಕಾಲು ಚಾಚಿಕೊಂಡು ಸಮುದ್ರ ನೋಡುವುದೊಂದೇ ಕೆಲಸ. ಬೆಳಿಗ್ಗೆ ಸೀಸದಂತಿದ್ದ ನೀರು ನೋಡನೋಡುತ್ತಲೇ ಹಸಿರಾಗುತ್ತದೆ, ಮಧ್ಯಾಹ್ನಕ್ಕೆ ಕಡುನೀಲಿ. ಎತ್ತ ತಿರುಗಿದರೂ ಅದಕ್ಕೆ ಕೊನೆಯೇ ಇಲ್ಲ. ನೀನು ಬಾಯಿಬಡುಕಿ ಎನ್ನುತ್ತಿದ್ದ ನಾನು ಬಾಯಿ ತೆರೆದುಕೊಂಡು ಸುಮ್ಮನೆ ಕೂತಿರುತ್ತೇನೆ.

ಇವತ್ತು ಕೋಣೆ ಒಪ್ಪ ಮಾಡುವಾತ ತಲೆ ಕೆರೆದುಕೊಳ್ಳುತ್ತಾ ಕೇಳಿದ: "ಮೇಡಂ, ಬೇಜಾರು ಮಾಡ್ಕೋಬೇಡಿ. ಮೂರು ದಿನದಿಂದ ಸ್ನಾನ ಮಾಡಿಲ್ವಾ? ಟವೆಲ್ ಇಟ್ಟ ಹಾಗೇ ಇದೆ."

ನಗು ತಡೆಯಲಾಗಲಿಲ್ಲ. ಮೈ ಒರೆಸಿದ ಟವೆಲನ್ನು ಒಣಗಿಸಿ, ನೀನು ಕಲಿಸಿದಂತೆ ಅಂಚು ಒಳಗೆ ಸೇರಿಸಿ, ಮೂರು ಮಡಿಕೆ ಹಾಕಿ ಇಡುತ್ತಿದ್ದೆ.

"ನಮ್ಮಪ್ಪ ಇಪ್ಪತ್ತು ವರ್ಷ ಇಂಥ ಹಡಗಲ್ಲೇ ಬಟ್ಟೆ ಒಗೀತಿದ್ರು," ಅಂದೆ.

"ಅಯ್ಯೋ, ಹಾಗಾದ್ರೆ ಅವರಿಗೆ ಸಮುದ್ರ ಎಲ್ಲಿ ಕಾಣ್ಬೇಕು? ಒಗೆಯೋ ಜಾಗ ನೀರಿಗಿಂತ ಕೆಳಗೆ. ಒಂದು ಕಿಟಕೀನೂ ಇಲ್ಲ. ಕಣ್ಣು ಬಿಟ್ರೆ ಬರೀ ಹಾಸಿಗೆ ಬಟ್ಟೆ, ಟವೆಲ್ಲು, ಗುಡ್ಡದ ಥರ."

ನೀನೊಮ್ಮೆ ರಜೆಗೆ ಬಂದಾಗ ಸಮುದ್ರ ಯಾವ ಬಣ್ಣವೆಂದು ನಾನು ಕೇಳಿದ್ದೆ. ನೀನು "ಬಿಳಿ" ಅಂದೆ. ಎಂಟು ವರ್ಷದ ನಾನು, "ನಮ್ಮಪ್ಪಂಗೆ ಏನೂ ಗೊತ್ತಿಲ್ಲ" ಎಂದು ಬೀದಿಗೆಲ್ಲ ಸಾರಿ ಬಂದೆ. ನೀನೂ ನಕ್ಕು, ನನ್ನ ಲಂಗವನ್ನು ಮೂರು ಮಡಿಕೆ ಮಾಡಿ ಇಟ್ಟೆ.

ಈಗ ಹೊತ್ತು ಮುಳುಗುತ್ತಿದೆ. ನೀರು ಕೆಂಪಗಾಗಿದೆ, ಅಪ್ಪಾ.