ವಾಸನೆಯಿಲ್ಲದ ಕ್ರೀಮು

ಮಾರ್ಚ್ 3, ಸೋಮವಾರ

ಎಂದಿನಂತೆ ಬರೀ ನೀರಲ್ಲಿ ಮುಖ ತೊಳೆದು ಹೊರಟೆ. ಸೋಪಿಲ್ಲ, ಪೌಡರಿಲ್ಲ, ಸೆಂಟಂತೂ ಕೇಳಲೇಬೇಡಿ. ಟೀ ಟೇಸ್ಟರ್ ಆದವಳ ಹಣೆಬರಹ. ಟೇಸ್ಟಿಂಗ್ ರೂಮಿಗೆ ಬರುವವರ ಮೈಮೇಲೆ ಯಾವ ಪರಿಮಳವೂ ಇರಕೂಡದು ಎಂದು ಬಾಗಿಲ ಮೇಲೆ ದಪ್ಪಕ್ಷರದ ಬೋರ್ಡಿದೆ. ಹಾಕಿಸಿದವಳು ನಾನೇ.

ಮಧ್ಯಾಹ್ನದವರೆಗೆ ಬಟ್ಟಲುಗಳ ಸಾಲು. ಬಗ್ಗಿ ಮೂಸು, ಚಮಚದಲ್ಲಿ ಸೊರ್ ಎಂದು ಹೀರು, ಉಗಿ, ಮುಂದಕ್ಕೆ ನಡೆ. ಜೊತೆಯ ಟೇಸ್ಟರ್ ಮೂಗಿನ ಆಪರೇಶನ್ ಮಾಡಿಸಿಕೊಂಡು ರಜೆಯಲ್ಲಿದ್ದಾನೆ. ಹಾಗಾಗಿ ಇಡೀ ಕಂಪನಿಗೆ ಈಗ ನನ್ನದೊಂದೇ ಮೂಗು.

ಮೂರು ಗಂಟೆಗೆ ಮ್ಯಾನೇಜರ್ ಬಂದರು. ಹೊಸ ಪ್ಯಾಕೆಟ್ಟಿನ ಹಿಂಬದಿಗೆ ಟೇಸ್ಟರ್ ಫೋಟೋ ಹಾಕುತ್ತಾರಂತೆ. ಅಂದರೆ ನನ್ನದು! ತಿಂಗಳ ಕೊನೆಗೆ ಫೋಟೋಗ್ರಾಫರ್ ಬರುತ್ತಾನೆ, ನಗುನಗುತ್ತಾ ಇರಿ ಮೇಡಂ ಅಂದರು.

ಮನೆಗೆ ಬಂದು ಟ್ಯೂಬ್‌ಲೈಟ್ ಹಾಕಿ ಕನ್ನಡಿ ನೋಡಿಕೊಂಡೆ. ನಗು ಹಾರಿಹೋಯಿತು. ಹುಬ್ಬುಗಳ ನಡುವೆ ಎರಡು ಗೆರೆ. ಮೂಗಿನ ಎರಡೂ ಪಕ್ಕದಿಂದ ತುಟಿಯವರೆಗೆ ಉಳುಮೆ ಮಾಡಿದ ಹಾಗೆ. ಇಪ್ಪತ್ತು ವರ್ಷ ಮೂಸಿದ್ದರ ಫಲ. ನಮ್ಮ ಯಜಮಾನರನ್ನು ಕೇಳಿದೆ, ನನ್ನ ಮುಖ ಹೇಗಿದೆ ಅಂತ. ಲಿಫ್ಟ್ ಮೆಕ್ಯಾನಿಕ್ ಅಲ್ಲವೇ... "ಓಡ್ತಾ ಇದೆಯಲ್ಲ, ಇನ್ನೇನು" ಅಂದರು.

ಮಾರ್ಚ್ 5, ಬುಧವಾರ

ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಎಪ್ಪತ್ತೊಂದು ವರ್ಷದ ಹೆಂಗಸು ಸಂಜೆ ನಾನು ಬರುವ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಗೇಟಲ್ಲಿ ನಿಂತಿದ್ದರು. ಪ್ಯಾಕೆಟ್ಟಿನ ಮೇಲೆ ಸೊಸೆಯ ಮುಖ ಬರುವಾಗ ಮನೆಯವರ ಮರ್ಯಾದೆಯ ಪ್ರಶ್ನೆಯಂತೆ.

ಕಾಸ್ಮೆಟಿಕ್ಸ್ ಅಂಗಡಿಯ ಹುಡುಗಿ ತೋರಿಸಿದ ಪ್ರತಿ ಡಬ್ಬಿಯನ್ನೂ ಮೂಸಿದೆ. ಇದರಲ್ಲಿ ನಿಂಬೆ, ಇದರಲ್ಲಿ ಹಳೆ ಎಣ್ಣೆ, ಇದರಲ್ಲಿ ಬಣ್ಣದ ಪೆನ್ಸಿಲ್ಲು. ಆ ಹುಡುಗಿಯ ಮುಖ ಚಿಕ್ಕದಾಗುತ್ತಾ ಹೋಯಿತು. ಕೊನೆಗೆ ಒಂದು ನೈಟ್ ಕ್ರೀಮ್ ಸಿಕ್ಕಿತು. ಪರಿಮಳ ಸೇರಿಸಿಲ್ಲ ಎಂದು ಮುಚ್ಚಳದ ಮೇಲೇ ಬರೆದಿದೆ. ಮೂಸಿದೆ, ತಿರುಗಿಸಿ ಮೂಸಿದೆ, ಬೆರಳಲ್ಲಿ ತೆಗೆದು ಮೂಸಿದೆ. ಏನೂ ಇಲ್ಲ. ನನ್ನ ಮೂಗಿಗೆ ಮೋಸ ಮಾಡುವ ಡಬ್ಬಿ ಇನ್ನೂ ಹುಟ್ಟಿಲ್ಲ ಅಂತ ಅತ್ತೆಗೆ ಹೇಳಿದೆ, ಸ್ವಲ್ಪ ಜೋರಾಗಿಯೇ.

ನಾನು ಕೊಂಡದ್ದು ಆ ಒಂದೇ ಒಂದು. ಅತ್ತೆ ಟೋನರ್, ಸೀರಮ್, ಸನ್‌ಸ್ಕ್ರೀನ್, ಶೀಟ್ ಮಾಸ್ಕ್, ಜೊತೆಗೆ ತುಟಿಗೆ ಹಚ್ಚುವ ಗುಲಾಬಿ ಬಣ್ಣದ್ದೊಂದು ಕಡ್ಡಿ. ಅವರ ಫೋಟೋ ಎಲ್ಲಿ ಬರುತ್ತದೋ!

ಮಾರ್ಚ್ 8, ಶನಿವಾರ

ಈ ವಾರ ನಮ್ಮ ಮನೆ ಪ್ರಯೋಗಶಾಲೆ. ಸನ್‌ಸ್ಕ್ರೀನ್ ಹಚ್ಚಿಕೊಂಡ ಅತ್ತೆ ಸುಣ್ಣ ಬಳಿದ ಗೋಡೆಯ ಹಾಗೆ ಕಂಡರು. ಹೇಳಲಿಲ್ಲ. ಹಾಗೆಯೇ ತರಕಾರಿ ತರಲು ಹೋಗಿಬಂದರು. ತರಕಾರಿಯವಳು ಹುಷಾರಿಲ್ವಾ ಅಂತ ಕೇಳಿದಳಂತೆ. ಬಂದವರು ನನ್ನ ಮೇಲೆ ಹರಿಹಾಯ್ದರು.

ಸಂಜೆ ಇಬ್ಬರೂ ಮುಖಕ್ಕೆ ಶೀಟ್ ಮಾಸ್ಕ್ ಅಂಟಿಸಿಕೊಂಡು ಸೋಫಾದಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದೆವು. ಮಾತಾಡಿದರೆ ಸುಕ್ಕು ಬೀಳುತ್ತದೆ ಅಂತ ಮಾತೂ ಇಲ್ಲ. ಇವರು ಬಾಗಿಲು ತೆಗೆದು ಒಳಗೆ ಬಂದವರು ಟೂಲ್ ಬ್ಯಾಗ್ ಕೈಬಿಟ್ಟರು. ಅತ್ತೆ ನಕ್ಕರು, ಮಾಸ್ಕ್ ಜಾರಿ ಕುತ್ತಿಗೆಗೆ ಬಂತು. ಕುತ್ತಿಗೆಗೂ ಒಳ್ಳೆಯದೇ ಅಂತ ಅಲ್ಲೇ ಒತ್ತಿಕೊಂಡರು.

ಅತ್ತೆಯ ಎಡಗೆನ್ನೆಗೆ ಸೀರಮ್, ಬಲಗೆನ್ನೆಗೆ ನನ್ನ ಕ್ರೀಮ್. ಯಾವುದು ಮೇಲು ಅಂತ ತೀರ್ಪು ಕೊಡಬೇಕಾದವರು ಇವರು. ಎರಡೂ ಒಂದೇ ಥರ ಇವೆ ಅಂದುಬಿಟ್ಟರು. ಊಟಕ್ಕೆ ತಾವೇ ಬಡಿಸಿಕೊಳ್ಳಬೇಕಾಯಿತು.

ಮಾರ್ಚ್ 12, ಬುಧವಾರ

ಕ್ರೀಮ್ ಕೆಲಸ ಮಾಡುತ್ತಿದೆ! ಬೆರಳಿಟ್ಟರೆ ಬೆಣ್ಣೆ. ಬಸ್ಸಿನ ಕಿಟಕಿಯ ಗಾಜಿನಲ್ಲೂ ಮುಖ ನೋಡಿಕೊಂಡೆ, ನಾಚಿಕೆ ಬಿಟ್ಟು. ಖುಷಿಯಾಗಿದೆ, ಸುಮ್ಮನೆ ಯಾಕೆ ಮುಚ್ಚಿಡಲಿ. ಮೂಗಿನ ಪಕ್ಕದ ಗೆರೆಗಳಿಗೆ ಜಿಪುಣತನ ಮಾಡಬೇಡ, ದಪ್ಪಗೆ ಹಚ್ಚು ಅಂತ ಅತ್ತೆ. ಸೋಮವಾರದಿಂದ ಹಾಗೇ ಹಚ್ಚುತ್ತಿದ್ದೇನೆ. ಬೆಳಗ್ಗೆ ನೀರಲ್ಲಿ ತೊಳೆದರೆ ಆಯಿತು.

ಆಫೀಸಿನಲ್ಲಿ ಒಂದು ಲಾಟ್ ಚೀಲಗಳನ್ನು ವಾಪಸ್ ಮಾಡಿದೆ. ಟೀಯಲ್ಲಿ ಹೂವಿನ ವಾಸನೆ. ತೆಳ್ಳಗೆ, ಸಿಹಿಯಾಗಿ... ಟೀಗೆ ಇರಬಾರದ್ದು.

ಮಾರ್ಚ್ 14, ಶುಕ್ರವಾರ

ಇವತ್ತು ಎಲ್ಲಾ ಬಟ್ಟಲಲ್ಲೂ ಹೂವು! ಒಂದನ್ನೂ ಪಾಸ್ ಮಾಡಲಿಲ್ಲ. ಪ್ಯಾಕಿಂಗ್ ನಿಂತಿದೆ.

ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಕೂತರು. ಅಷ್ಟೂ ಚೀಲ ಬಂದದ್ದು ಒಂದೇ ಗೋದಾಮಿನಿಂದ. ಅದರ ಗೋಡೆಯಾಚೆ ಯಾರದೋ ಸಾಬೂನಿನ ಗೋದಾಮು. ನಡುವೆ ಒಂದು ಬಾಗಿಲು, ಸದಾ ಬೀಗ. ಗೋದಾಮಿನ ಮೇಸ್ತ್ರಿಯನ್ನು ಕರೆಸಿದರು. ಬಾಗಿಲು ತೆಗೆದಿಟ್ಟಿದ್ದೀರಿ, ಅದಕ್ಕೇ ಸೋಪಿನ ವಾಸನೆ ಹತ್ತಿದೆ ಅಂತ ಮ್ಯಾನೇಜರ್. ಆ ಬೀಗ ಮುಟ್ಟಿಯೇ ಇಲ್ಲ ಅಂತ ಅವರು. ಮಾತಿಗೆ ಮಾತು ಬೆಳೆಯಿತು. ಮೇಸ್ತ್ರಿ ಕೊನೆಗೆ ನನ್ನ ಕಡೆ ತಿರುಗಿ, "ಮೇಡಂ, ನಿಮಗೆ ಖಂಡಿತಾ ವಾಸನೆ ಬಂತಾ?" ಅಂದರು. ಬಂತು ಅಂದೆ. ಬಂದದ್ದು ಹೌದಲ್ಲ.

ಅವರು ಸೊಂಟದ ಬೀಗದ ಕೈ ಗೊಂಚಲು ಝಣ ಝಣ ಅನ್ನಿಸುತ್ತಾ ಗೋದಾಮಿಗೆ ವಾಪಸ್ ಹೋದರು.

ಮಾರ್ಚ್ 15, ಶನಿವಾರ

ಕಿಟಕಿಯಿಂದ ನೋಡಿದೆ. ಮೇಸ್ತ್ರಿ ಗೋದಾಮಿನ ಗೋಡೆಯನ್ನು ಅಂಗುಲ ಅಂಗುಲವಾಗಿ ಮೂಸುತ್ತಿದ್ದರು. ನೆಲ ತೊಳೆಸಿದ್ದಾರೆ. ಒಂದೊಂದೇ ಚೀಲ ಹೊರಗೆ ತರಿಸಿ ಅದನ್ನೂ ಮೂಸಿದರು. ಪಾಪ, ಏನೂ ಸಿಗಲಿಲ್ಲ.

ಸೋಮವಾರದಿಂದ ಅವರನ್ನು ಲೋಡಿಂಗ್ ಗೇಟಿಗೆ ಹಾಕುತ್ತಾರಂತೆ. ಗೋದಾಮಿಗೆ ಹೊಸಬ. ಬೀಗದ ಕೈ ಗೊಂಚಲು ಮ್ಯಾನೇಜರ್ ಮೇಜಿನ ಮೇಲಿತ್ತು. ಅದಿಲ್ಲದೆ ಮೇಸ್ತ್ರಿ ನಡೆಯುವುದನ್ನು ಇವತ್ತೇ ನೋಡಿದ್ದು. ಸದ್ದೇ ಇಲ್ಲ.

ಬೇಜಾರು. ಆದರೆ ಮೂಗು ಹೇಳಿದ್ದನ್ನು ಇಲ್ಲ ಅನ್ನಲು ಬರುತ್ತದೆಯೇ?

ಮಾರ್ಚ್ 16, ಭಾನುವಾರ, ಬೆಳಗ್ಗೆ 11

ಬರೆದೇ ಬಿಡುತ್ತೇನೆ.

ಅತ್ತೆಯ ಹೊಸ ಹುಚ್ಚು, ಮುಖಕ್ಕೆ ಹಬೆ. ಪಾತ್ರೆಯಲ್ಲಿ ಬರೀ ಬಿಸಿನೀರು. ಏನೂ ಹಾಕಿಲ್ಲ. ಮೊದಲು ನೀನು ಅಂತ ನನ್ನ ತಲೆಗೆ ಟವೆಲ್ ಹೊದೆಸಿದರು. ಬಗ್ಗಿದೆ. ಉಸಿರೆಳೆದೆ.

ಹೂವು.

ಅದೇ. ತೆಳ್ಳಗೆ, ಸಿಹಿಯಾಗಿ.

ಟವೆಲ್ ಕಿತ್ತೆಸೆದು ಬಚ್ಚಲಿಗೆ ಓಡಿ ಸೋಪು ಹಾಕಿ ಮುಖ ತಿಕ್ಕಿದೆ, ಮತ್ತೆ ಮತ್ತೆ ತೊಳೆದೆ. ಸೋಪಿನ ವಾಸನೆ ಹೋಗುವವರೆಗೆ ಕಾದು ಮತ್ತೆ ಹೊಸ ಬಿಸಿನೀರಿಗೆ ಬಗ್ಗಿದೆ. ಏನೂ ಇಲ್ಲ, ಬರೀ ನೀರು. ಮೂಗಿನ ಪಕ್ಕ ಒಂಚೂರು ಕ್ರೀಮ್ ಹಚ್ಚಿ ಬಗ್ಗಿದೆ. ಹೂವು!

ತಣ್ಣಗಿದ್ದಾಗ ಡಬ್ಬಿ ಬಾಯಿ ಬಿಡುವುದಿಲ್ಲ. ಹಬೆ ತಾಗಿದರೆ ಹಾಡುತ್ತದೆ. ಬೆಳಗ್ಗೆ ನಾನು ತೊಳೆಯುವುದು ಬರೀ ನೀರಲ್ಲಿ. ಕ್ರೀಮ್ ಅಲ್ಲೇ ಕೂತಿತ್ತು. ಟೀಗೆ ವಾಸನೆ ಬರಬಾರದು ಅಂತ ಸೋಪು ಬಿಟ್ಟವಳು ನಾನು! ಬೋರ್ಡ್ ಹಾಕಿಸಿದವಳು ನಾನು!

ಮಾರ್ಚ್ 16, ಮಧ್ಯಾಹ್ನ

ಊಟ ಸೇರಲಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ? ಕ್ರೀಮ್ ಬಿಡುತ್ತೇನೆ. ಸೋಮವಾರ ಹೊಸಬ ಬರುತ್ತಾನೆ, ವಾಸನೆ ಹೋಗಿರುತ್ತದೆ. ಎಲ್ಲರೂ ಮೇಸ್ತ್ರಿಯದ್ದೇ ತಪ್ಪು ಅಂದುಕೊಳ್ಳುತ್ತಾರೆ. ಯಾರಿಗೂ ಅನುಮಾನ ಬರುವುದಿಲ್ಲ. ಎಷ್ಟು ಸಲೀಸು.

ಹೇಳಿದರೆ? ಫೋಟೋ ಹೋಯಿತು. ಸ್ವಂತ ಮುಖದ ವಾಸನೆ ಹಿಡಿಯಲಾರದ ಟೇಸ್ಟರನ್ನು ಯಾರು ಪ್ಯಾಕೆಟ್ಟಿನ ಮೇಲೆ ಹಾಕುತ್ತಾರೆ. ಹೆಸರೂ ಹೋಗುತ್ತದೆ. ಇಪ್ಪತ್ತು ವರ್ಷದ್ದು.

ಅತ್ತೆಗೆ ಎಲ್ಲಾ ಹೇಳಿದೆ. ಫೋಟೋ ನನಗಿಂತ ಅವರಿಗೇ ಹೆಚ್ಚು ಬೇಕಾಗಿತ್ತು. ತುಂಬಾ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದರು. ಆಮೇಲೆ ಅಂದರು: "ಮುಖ ಚೆನ್ನಾಗಿ ಕಾಣ್ಲಿ ಅಂತ ಹಚ್ಚಿದ್ದು ಕಣೇ. ಆ ಮನುಷ್ಯ ಎದುರಿಗೆ ಬಂದಾಗ ಮುಖ ತಿರುಗಿಸ್ಕೊಂಡು ಹೋಗೋ ಹಾಗಾದ್ರೆ ಹಚ್ಚಿ ಏನು ಬಂತು."

ಡಬ್ಬಿಯನ್ನು ನನ್ನ ಬ್ಯಾಗಿಗೆ ಅವರೇ ಹಾಕಿದರು.

ಮಾರ್ಚ್ 17, ಸೋಮವಾರ

ಎಲ್ಲರಿಗಿಂತ ಮೊದಲೇ ಹೋದೆ. ಮೇಸ್ತ್ರಿಯನ್ನೂ ಕರೆಸಿ ಅಂತ ಮ್ಯಾನೇಜರಿಗೆ ಹೇಳಿದೆ. ಮಾತಲ್ಲಿ ಹೇಳಲು ಬಾಯಿ ಬರಲಿಲ್ಲ. ಒಂದು ಬಟ್ಟಲಿಗೆ ಬಿಸಿನೀರು ಸುರಿದು, ಕ್ರೀಮ್ ಡಬ್ಬಿ ಅವರ ಮುಂದಿಟ್ಟು, ಮೂಗಿನ ಕೆಳಗೆ ಹಚ್ಚಿಕೊಳ್ಳಿ ಸಾರ್ ಅಂದೆ. ತಲೆ ಕೆಟ್ಟಿದೆಯಾ ಅನ್ನುವ ಹಾಗೆ ನೋಡಿದರು. ಹಚ್ಚಿಕೊಂಡರು. ಕೋಟು, ಟೈ, ಮೂಗಿನ ಕೆಳಗೆ ಬಿಳಿ ಮೀಸೆ... ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಬಗ್ಗಿದರು. ಕನ್ನಡಕವೆಲ್ಲಾ ಮಂಜು.

"ಹೂವು" ಅಂದರು, ಬಟ್ಟಲ ಒಳಗಿಂದ.

ಇದು ನಾನು ಹಚ್ಚಿಕೊಳ್ಳುತ್ತಿದ್ದ ಕ್ರೀಮ್, ವಾಸನೆ ನನ್ನ ಮುಖದ್ದು, ಗೋದಾಮಿನದ್ದಲ್ಲ ಅಂದೆ. ಮೇಸ್ತ್ರಿ ಕಡೆ ತಿರುಗಿ ತಪ್ಪಾಯಿತು ಅಂದೆ. ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

ಮೇಸ್ತ್ರಿ ಡಬ್ಬಿ ಕೈಗೆ ತೆಗೆದುಕೊಂಡರು. ತಾವೂ ಹಚ್ಚಿ, ತಾವೂ ಬಗ್ಗಿ ನೋಡಿದರು. ಎದ್ದು ನಿಂತು, "ಮೇಡಂ, ನಾನು ಗೋಡೆ ಮೂಸಿದೆ, ನೆಲ ಮೂಸಿದೆ, ಚೀಲ ಮೂಸಿದೆ. ಗೇಟಲ್ಲಿರೋ ನಾಯೀನೂ ಮೂಸಿದೆ. ಈ ದರಿದ್ರ ನಿಮ್ಮ ಮೂಗಿನ ಕೆಳಗೇ ಇತ್ತಲ್ಲ" ಅಂದರು.

ನಗಲಿಲ್ಲ. ಬೈಯಲೂ ಇಲ್ಲ. ಬೀಗದ ಕೈ ಗೊಂಚಲು ತೆಗೆದುಕೊಂಡು ಹೋದರು. ಮೆಟ್ಟಿಲಿಳಿಯುವಷ್ಟು ದೂರವೂ ಝಣ ಝಣ ಕೇಳಿಸಿತು. ಮ್ಯಾನೇಜರ್ ಫೋಟೋ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ವಾಪಸ್ ಮಾಡಿದ್ದ ಲಾಟುಗಳನ್ನೆಲ್ಲ ಮತ್ತೆ ಟೇಸ್ಟ್ ಮಾಡಿದೆ. ಎಲ್ಲಾ ಪಾಸ್. ಚೆನ್ನಾಗಿಯೇ ಇದ್ದವು.

ಮಾರ್ಚ್ 20, ಗುರುವಾರ

ಟೇಸ್ಟಿಂಗ್ ರೂಮಿನ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. ಬಟ್ಟಲಲ್ಲಿ ಬಿಸಿನೀರು ಸಿದ್ಧ. ಮ್ಯಾನೇಜರ್ ಅವರನ್ನೇ ಕೇಳಿದರಂತೆ, ಮೇಡಂ ಫೋಟೋ ತೆಗೆಸೋದಾ ಬೇಡವಾ, ನೀವೇ ಹೇಳಿ ಅಂತ. ತೆಗೆಸಿ, ಆದರೆ ದಿನಾ ಬೆಳಗ್ಗೆ ಒಳಗೆ ಹೋಗುವ ಮುಂಚೆ ಅವರ ಮುಖ ನಾನು ಪಾಸ್ ಮಾಡಬೇಕು ಅಂದರಂತೆ.

ಬಗ್ಗಿದೆ. ಹಬೆ ಅವರ ಕಡೆ ತೇಲಿತು. ಮೂಸಿ, ಹುಬ್ಬು ಗಂಟಿಕ್ಕಿ, ಸಾಕಷ್ಟು ಹೊತ್ತು ನನ್ನನ್ನು ಕಾಯಿಸಿದರು. ಥೇಟ್ ನನ್ನ ಹಾಗೆ.

"ಪಾಸ್" ಅಂದರು. ಈಗ ಮಾತ್ರ ನಕ್ಕರು.

ಇಷ್ಟು ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ.

ಮಾರ್ಚ್ 28, ಶುಕ್ರವಾರ

ಫೋಟೋ ಆಯಿತು. ಮೇಕಪ್ ಹುಡುಗಿ ಬಂದಿದ್ದಳು. ದಿನದ ಕೊನೆಯ ಬಟ್ಟಲು ಮುಗಿಯುವವರೆಗೆ ಅವಳ ಪೆಟ್ಟಿಗೆಯನ್ನು ರೂಮಿನೊಳಗೆ ಬಿಡಲಿಲ್ಲ ಮೇಸ್ತ್ರಿ. ಆಮೇಲೆ ಕೂತೆ. ಫೌಂಡೇಶನ್, ಪೌಡರ್, ಲಿಪ್‌ಸ್ಟಿಕ್. ಗೆರೆಗಳೆಲ್ಲ ಮಾಯ! ಕನ್ನಡಿಯಲ್ಲಿ ಯಾರೋ ಚೆಂದದ ಹೆಂಗಸು. ಅವಳನ್ನು ನೋಡಿ ನಕ್ಕೆ, ಅವಳೂ ನಕ್ಕಳು.

ನಗುವ ಫೋಟೋ ಎಷ್ಟೋ ತೆಗೆದರು. ಫೋಟೋಗ್ರಾಫರ್ ಕೊನೆಗೆ, ಒಂದು ಗುಟುಕು ನಿಜವಾಗಲೂ ಹೀರಿ ಮೇಡಂ ಅಂದ. ಬಿಸಿ ಟೀ ತಂದರು. ಮರೆತು ಬಗ್ಗಿದೆ. ಪೌಡರು, ಲಿಪ್‌ಸ್ಟಿಕ್ಕು, ಇಡೀ ತೋಟವೇ ಮುಖಕ್ಕೆ ರಾಚಿತು. ಮೂಗು ಸುಕ್ಕುಗಟ್ಟಿತು, ಹುಬ್ಬು ಗಂಟಾಯಿತು, ಹೂತಿಟ್ಟ ಗೆರೆಗಳೆಲ್ಲಾ ಪೌಡರ್ ಒಡೆದುಕೊಂಡು ಎದ್ದು ಬಂದವು. ಅವನು ಕ್ಲಿಕ್ ಅನ್ನಿಸಿಯೇಬಿಟ್ಟ.

ಅಳಿಸಿಹಾಕಿ ಅಂದೆ. ಬಾಗಿಲಲ್ಲಿದ್ದ ಮೇಸ್ತ್ರಿ ಬಂದು ಕ್ಯಾಮೆರಾದೊಳಗೆ ಇಣುಕಿದರು. "ಇದೇ ಮುಖ. ಇಪ್ಪತ್ತು ವರ್ಷದಿಂದ ನನ್ನ ಚೀಲ ವಾಪಸ್ ಕಳಿಸ್ತಿರೋದು ಇದೇ" ಅಂದರು. ಮ್ಯಾನೇಜರ್ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ಮೇ 10, ಶನಿವಾರ

ಪ್ಯಾಕೆಟ್ ಬಂತು.

ಅದೇ ಫೋಟೋ. ನಗುವ ಚೆಂದದ ಹೆಂಗಸನ್ನು ಬಿಟ್ಟು ಮೂಗು ಮುರಿಯುವ ನನ್ನನ್ನೇ ಹಾಕಿದ್ದಾರೆ. ಕೆಳಗೆ, ಇವರನ್ನು ಒಪ್ಪಿಸುವುದು ಸುಲಭವಲ್ಲ ಅಂತ ಒಂದು ಸಾಲು. ಗೆರೆ ಒಂದೂ ಬಿಟ್ಟಿಲ್ಲ, ಬಣ್ಣದಲ್ಲಿ ಅಚ್ಚಾಗಿದೆ. ಅಳಬೇಕೆಂದುಕೊಂಡೆ. ನಗು ಬಂತು. ನಾನೇ ಅಲ್ಲವೇ ಇದು.

ಮೇಸ್ತ್ರಿ ಒಂದನ್ನು ಗೋದಾಮಿನ ಬಾಗಿಲಿಗೆ ಅಂಟಿಸಿದ್ದಾರೆ. ದೃಷ್ಟಿಗೊಂಬೆ ಅಂತ ಎಲ್ಲರಿಗೂ ಹೇಳುತ್ತಿದ್ದಾರಂತೆ. ಇವರು ಪ್ಯಾಕೆಟ್ ತಿರುಗಿಸಿ ನೋಡಿ, ಅಡುಗೆಗೆ ಉಪ್ಪು ಹೆಚ್ಚಾದಾಗ ನನಗೂ ಇದೇ ಮುಖ ಕಾಣಿಸುತ್ತದೆ, ಉಪ್ಪು ಹಾಕಿದವಳು ನೀನೇ ಆದರೂ ಅಂದರು. ಅತ್ತೆ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ಪರೀಕ್ಷಿಸಿದರು.

"ಕೆನ್ನೆ ಹೊಳಪು ನಾವು ಮಾಡಿದ್ದು. ಮೂಗು ಮಾತ್ರ ನಿಂದೇ" ಅಂದರು. ಪ್ಯಾಕೆಟ್ಟನ್ನು ಷೋಕೇಸಿನಲ್ಲಿ, ತಮ್ಮ ಮದುವೆ ಫೋಟೋದ ಮುಂದೆ ಇಟ್ಟರು.

ಅಡುಗೆಮನೆಯಿಂದ ಕರೆಯುತ್ತಿದ್ದಾರೆ. ಹೊಸ ಡಬ್ಬಿ ತಂದಿದ್ದಾರಂತೆ. ಇದರಲ್ಲಿ ಖಂಡಿತಾ ವಾಸನೆ ಇಲ್ಲವಂತೆ, ಅಂಗಡಿಯಲ್ಲಿ ತಾವೇ ಮೂಸಿ ನೋಡಿದ್ದಾರಂತೆ. ನೀರು ಕುದಿಯುವ ಸದ್ದು ಕೇಳುತ್ತಿದೆ. ಟವೆಲ್ ತೆಗೆದುಕೊಂಡು ಬಾ ಅಂತ ಇನ್ನೊಂದು ಕೂಗು... ಬಂದೆ ಅತ್ತೆ, ಒಂದೇ ನಿಮಿ—